ಬಿಡುವು ಕೊಂಡವರಿಗೆ ಕೈಪಿಡಿ: ವರವು ಕಾವಲ್ ಮಾದರಿ

ನಮ್ಮ ‘ಬಿಡುವು’ ಸಾಮಾನನ್ನು ಕೊಂಡಿದ್ದಕ್ಕೆ ವಂದನೆಗಳು. ದುಡ್ಡು ಕೊಟ್ಟು ಹೊತ್ತು ಕೊಳ್ಳುವ ಧೈರ್ಯ ಎಲ್ಲರಿಗೂ ಬರುವುದಿಲ್ಲ. ಅದರಲ್ಲೂ ಚಳ್ಳಕೆರೆ, ಮೊಳಕಾಲ್ಮುರು ಸೀಮೆ ಎಂದರೆ ಮಳೆಯನ್ನು ನಂಬಿ ಸಾಲ ಮಾಡಿ, ಸಾಲವನ್ನು ನಂಬಿ ಶೇಂಗಾ ಬಿತ್ತುವ ಕಡೆ. ಕೈಯಲ್ಲಿರುವ ನಾಲ್ಕು ಕಾಸನ್ನು ಕಣ್ಣಿಗೆ ಕಾಣದ, ತಕ್ಕಡಿಗೆ ಹಾಕಲಾಗದ, ಮಾರಿದರೆ ಅರ್ಧ ಬೆಲೆಯೂ ಹುಟ್ಟದ ವಸ್ತುವಿನ ಮೇಲೆ ಸುರಿದಿದ್ದೀರಿ. ಬಳಸುವ ಮೊದಲು ಈ ಪುಸ್ತಿಕೆಯನ್ನು ಪೂರ್ತಿ ಓದಿ. ಓದಲು ಹೊತ್ತಿಲ್ಲ ಎನ್ನುವಿರಾದರೆ ಮನೆಯಲ್ಲಿ ಹೊತ್ತಿರುವವರಿಂದ ಓದಿಸಿ ಕೇಳಿ. ಅಂಥವರು ಯಾರೆಂದು ಹುಡುಕುವಾಗಲೇ ಅರ್ಧ ಪಾಠ ಮುಗಿದಿರುತ್ತದೆ.

ಹಳೆಯ ಮಾದರಿ

ಈ ಭಾಗದಲ್ಲಿ ಬಿಡುವಿನ ಹಳೆಯ ಮಾದರಿಯೊಂದು ತಲೆಮಾರುಗಟ್ಟಲೆ ಓಡಿತು. ಅದನ್ನು ಕಾವಲು ಎನ್ನುತ್ತಿದ್ದರು. ಬೆಳಿಗ್ಗೆ ಹಟ್ಟಿಯಿಂದ ದನಕುರಿ ಹೊಡೆದರೆ ಆಯಿತು, ಹುಲ್ಲು ಕೊಯ್ಯುವ, ಹೊರೆ ಕಟ್ಟುವ, ತಂದು ಹಾಕುವ ಕೆಲಸ ಯಾವುದೂ ಮನೆಯವರಿಗೆ ಇರಲಿಲ್ಲ. ಹುಲ್ಲು ಇದ್ದಲ್ಲಿಗೆ ಹಸುವೇ ನಡೆಯುತ್ತಿತ್ತು, ಹೊತ್ತು ಮುಳುಗುವಾಗ ಹೊಟ್ಟೆ ತುಂಬಿಸಿಕೊಂಡು ತಾನೇ ಬರುತ್ತಿತ್ತು. ಜೊತೆಗೆ ಸೌದೆ, ಗೊಬ್ಬರ, ಕಾರೆಹಣ್ಣು. ಬೆಲೆ ಏನೂ ಇಲ್ಲ.

ಮೂಲತಃ ಈ ಯಂತ್ರ ತಯಾರಾದದ್ದು ನಮ್ಮಂಥವರಿಗಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯ ಹಸುಗಳಿಗೆ, ಆಮೇಲೆ ಟಿಪ್ಪು ಅಮೃತ ಮಹಲ್ ಎಂದು ಹೆಸರಿಟ್ಟ ರಾಸುಗಳಿಗೆ ಮೀಸಲಾಗಿದ್ದ ಹುಲ್ಲುಗಾವಲುಗಳು ಇವು. ಆ ಎತ್ತುಗಳನ್ನು ಕಟ್ಟಿಕೊಂಡು ಹೈದರ್ ಅಲಿ ಎರಡೂವರೆ ದಿನದಲ್ಲಿ ನೂರು ಮೈಲಿ ಕ್ರಮಿಸಿ ಚಿದಂಬರ ಮುಟ್ಟಿದನೆಂದು ಬ್ರಿಟಿಷರು ಬೆರಗಾಗಿ ಬರೆದಿಟ್ಟಿದ್ದಾರೆ. ಅಂದರೆ ನಮ್ಮ ಸೀಮೆಯ ಹುಲ್ಲು ಹದಿನೆಂಟನೆಯ ಶತಮಾನದಲ್ಲೇ ಅರಸರಿಗೆ ಹೊತ್ತು ಉಳಿಸಿಕೊಡುತ್ತಿತ್ತು. ಅರಸರು ಹೋದ ಮೇಲೂ ಮ್ಯಾಸಬೇಡರ ದೇವರ ಎತ್ತುಗಳಿಗೆ, ಕುರುಬರ ಮಂದೆಗಳಿಗೆ ಅದೇ ಹುಲ್ಲು ಕೆಲಸ ಮಾಡಿಕೊಂಡು ಬಂತು.

ಗ್ರಾಹಕರ ಗಮನಕ್ಕೆ: ಈ ಮಾದರಿಯ ತಯಾರಿಕೆ ನಿಂತಿದೆ, ಬಿಡಿಭಾಗಗಳು ಸಿಗುವುದಿಲ್ಲ. ವರವು ಕಾವಲಿನ ಸುಮಾರು 4,290 ಎಕರೆ ಡಿಆರ್‌ಡಿಒಗೆ ಹೋಯಿತು. ಪಕ್ಕದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸುಮಾರು 1,500 ಎಕರೆ, ಉಳ್ಳಾರ್ತಿ ಕಾವಲಿನ ಕಡೆ ಭಾಭಾ ಅಣು ಸಂಶೋಧನಾ ಕೇಂದ್ರ ಮತ್ತು ಇಸ್ರೊ. ಬೇಲಿ, ಗೋಡೆ ಎದ್ದವು. ಹಳ್ಳಿಯವರು ಹಸಿರು ನ್ಯಾಯಮಂಡಳಿಯವರೆಗೂ ಹೋದರು, 2014ರಲ್ಲಿ ತೀರ್ಪೂ ಬಂತು, ಗೋಡೆಗಳು ಇದ್ದಲ್ಲೇ ಇವೆ. 2017ರ ಮೇ 28ರಂದು ವಿಮಾನ ಪರೀಕ್ಷಾ ವಲಯ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರ ಬೆಳಿಗ್ಗೆ 7.10ಕ್ಕೆ ಇಲ್ಲಿಂದ ಮೇಲೆದ್ದ ಚಿನೂಕ್ ಹೆಲಿಕಾಪ್ಟರು ಇಸ್ರೊದ ಮರುಬಳಕೆ ರಾಕೆಟ್ಟಿನ ಮಾದರಿಯೊಂದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಕೈಬಿಟ್ಟಿತು. 7.40ಕ್ಕೆ ಅದು ತನ್ನಷ್ಟಕ್ಕೆ ರನ್‌ವೇ ಮೇಲೆ ಬಂದಿಳಿಯಿತು. ಎಲ್ಲ ಸೇರಿ ಅರ್ಧ ಗಂಟೆ. ನಿಜವಾಗಿಯೂ ಹೆಮ್ಮೆಯ ಅರ್ಧ ಗಂಟೆ, ಇದರಲ್ಲಿ ವ್ಯಂಗ್ಯವಿಲ್ಲ. ಆದರೆ ಗೋಡೆಯಾಚೆ ಮಂದೆ ನಿಲ್ಲಿಸಿಕೊಂಡು ನಿಂತವನು, ‘ಅದಕ್ಕೆ ಮ್ಯಾಲೆ ಹೋಗಿ ಇಳಿಯಾಕೆ ಅರ್ಧ ಗಂಟೆ, ನಮ್ಮ ಕುರಿಗೆ ಗೋಡೆ ಸುತ್ತಾಕೆ ಅರ್ಧ ದಿನ’ ಎಂದು ಲೆಕ್ಕ ಒಪ್ಪಿಸಿದರೆ ಆ ಲೆಕ್ಕದಲ್ಲಿ ತಪ್ಪು ಹುಡುಕುವುದು ಕಷ್ಟ.

ಹಾಗಾಗಿ ಪುಕ್ಕಟೆ ಬಿಡುವು ಮುಗಿಯಿತು. ಇನ್ನು ಮುಂದೆ ಅಂಗಡಿಯದೇ ಗತಿ.

ಜೋಡಣೆ

ಪೆಟ್ಟಿಗೆ ಬಿಚ್ಚುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ: ಕೊಳ್ಳುತ್ತಿರುವುದು ಯಾರ ಹೊತ್ತು?

ಇದನ್ನು ಕಂಡುಹಿಡಿಯಲು ಮನೆಯೊಳಗೆ ಒಮ್ಮೆ ಕಣ್ಣಾಡಿಸಿದರೆ ಸಾಕು. ಯಾವ ಸಾಮಾನು ಯಾವ ಕ್ರಮದಲ್ಲಿ ಒಳಗೆ ಬಂತು? ನಮ್ಮ ಕಡೆ ಮೊದಲು ಬರುವುದು ಬೈಕು. ನಾಯಕನಹಟ್ಟಿಗೆ ನಡೆದು ಹೋಗುತ್ತಿದ್ದ ಯಜಮಾನರು ಹತ್ತು ನಿಮಿಷದಲ್ಲಿ ಹೋಗಿ, ಉಳಿದ ಹೊತ್ತನ್ನು ಹೋಟೆಲಿನ ಬೆಂಚಿನ ಮೇಲೆ ಬಂಡವಾಳ ಹೂಡುತ್ತಾರೆ. ಆಮೇಲೆ ಟಿವಿ, ಮೊಬೈಲು. ಬೋರ್‌ವೆಲ್ಲಿನಲ್ಲಿ ನೀರು ಬಿದ್ದಿದ್ದರೆ ಮೋಟಾರಿಗೆ ಮೊಬೈಲಿನಿಂದಲೇ ಚಾಲೂ ಮಾಡುವ ಸ್ಟಾರ್ಟರು, ರಾತ್ರಿ ಕರೆಂಟು ಬಂದರೆ ಎದ್ದು ಹೊಲಕ್ಕೆ ಹೋಗುವುದು ತಪ್ಪಿತು. ಮಿಕ್ಸಿ ಬರುವುದು ಸಾಮಾನ್ಯವಾಗಿ ಮಗಳ ಮದುವೆಗೆ, ಅದೂ ಬೇರೆಯವರ ಮನೆಗೆ ಹೋಗಲಿಕ್ಕೆ.

ಸರ್ಕಾರವೇ ಗಡಿಯಾರ ಹಿಡಿದು ನೋಡಿದೆ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 88 ನಿಮಿಷ. ‘ಮಾಡುವ’ ಎಂಬುದನ್ನು ಗಮನಿಸಿ. ಮಾಡದೇ ಇರುವವರು ಈ ಸರಾಸರಿಗೆ ಬರುವುದೇ ಇಲ್ಲ, ಅವರು ಬೆಂಚಿನ ಮೇಲಿದ್ದಾರೆ.

ಬಿಡುವನ್ನು 88 ನಿಮಿಷದವರ ಕಡೆಗೆ ಜೋಡಿಸಿದರೆ ಸಾಮಾನು ಓಡುವುದೇನೋ ಓಡುತ್ತದೆ, ಆದರೆ ಮನೆ ಬೆಳಗುವುದಿಲ್ಲ. 289ರ ಕಡೆಗೆ ಜೋಡಿಸಿ.

2023ರ ಆಗಸ್ಟಿನಿಂದ ಇದು ಕೊಂಚ ಸುಲಭವಾಗಿದೆ. ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಮನೆಯೊಡತಿಯ ಖಾತೆಗೇ ಬಂದಿದ್ದರಿಂದ, ಕಂತು ಕಂತು ಕೂಡಿಟ್ಟು ಫ್ರಿಜ್ಜು, ಬಟ್ಟೆ ಒಗೆಯುವ ಮಿಷನ್ನು, ಹೊಲಿಗೆ ಯಂತ್ರ ತಂದ ಹೆಣ್ಣುಮಕ್ಕಳ ಸುದ್ದಿ ಪತ್ರಿಕೆಗಳಲ್ಲಿ ಬಂತು. ‘ಸರ್ಕಾರದ ದುಡ್ಡಲ್ಲಿ ಶೋಕಿ’ ಎಂದವರೂ ಇದ್ದರು. ಹಾಗೆಂದವರ ಅಂಗಿ ಯಾರು ಒಗೆಯುತ್ತಾರೆಂದು ಯಾರೂ ವಿಚಾರಿಸಲಿಲ್ಲ.

ಕೊಳ್ಳಬಾರದ ಬಿಡುವು

ಎಲ್ಲ ಕೆಲಸವನ್ನೂ ಯಂತ್ರಕ್ಕೆ ಒಪ್ಪಿಸಬೇಕೆಂದು ನಮ್ಮ ಕಂಪನಿ ಹೇಳುವುದಿಲ್ಲ. ಬಿತ್ತನೆಗೆ ಮುಂಚೆ ಬೀಜದ ಶೇಂಗಾ ಸುಲಿಯುವುದನ್ನೇ ತೆಗೆದುಕೊಳ್ಳಿ. ಪಡಸಾಲೆಯಲ್ಲಿ ಗುಡ್ಡೆ ಹಾಕಿಕೊಂಡು ನಾಲ್ಕು ಮನೆಯ ಹೆಂಗಸರು ಕೂರುತ್ತಿದ್ದರು. ಬೆರಳು ಸಿಪ್ಪೆ ಬಿಡಿಸುತ್ತಿದ್ದರೆ ಬಾಯಿ ಊರನ್ನೇ ಬಿಡಿಸುತ್ತಿತ್ತು. ಯಾರ ಮನೆಗೆ ಗಂಡಿನವರು ಬಂದಿದ್ದರು, ಯಾರ ಸೊಸೆ ತವರಿಗೆ ಹೋದವಳು ಇನ್ನೂ ಬಂದಿಲ್ಲ ಎಂಬ ಸಮಾಚಾರವೆಲ್ಲ ಅಲ್ಲೇ ಇತ್ಯರ್ಥವಾಗುತ್ತಿತ್ತು. ಈಗ ಸುಲಿಯುವ ಮಿಷನ್ನು ಬಂದಿದೆ. ಮಿಷನ್ನಿಗೆ ಕೊಟ್ಟರೆ ಕಾಳು ಒಡೆದು ಬೇಳೆಯಾಗುತ್ತದೆಂದು ಹಿರಿಯರು ಗೊಣಗುತ್ತಾರೆ, ಅದೂ ಅಷ್ಟಿಷ್ಟು ನಿಜ. ಆದರೆ ಉಳಿದ ಆ ದಿನಗಳಲ್ಲಿ ಪಡಸಾಲೆ ತುಂಬಲಿಲ್ಲ. ನಾಲ್ಕು ಮನೆಯವರೂ ನಾಲ್ಕು ಧಾರಾವಾಹಿ ನೋಡಿದರು.

ಬೆರಳು ನೋಯಿಸುತ್ತಿದ್ದ ಕೆಲಸ ಹೋದದ್ದು ಒಳ್ಳೆಯದೇ. ಅದರ ಜೊತೆ ಕೂಟವೂ ಹೋಯಿತು, ಕೂಟಕ್ಕೆ ಬೇರೆ ನೆಪ ಹುಡುಕಿಕೊಳ್ಳದೇ ಹೋದದ್ದು ನಮ್ಮ ಸೋಮಾರಿತನ. ಹಾಗಾಗಿ ಕೊಳ್ಳುವ ಮುಂಚೆ ಆ ಕೆಲಸದಲ್ಲಿ ಎಷ್ಟು ದುಡಿಮೆ ಇದೆ, ಎಷ್ಟು ಹರಟೆ ಇದೆ ಎಂದು ಕೇರಿ ನೋಡಿ. ನೀರು ಹೊರುವುದರಲ್ಲಿ ಬರೀ ದುಡಿಮೆ, ಕೂಡಲೇ ದುಡ್ಡು ಕೊಟ್ಟು ಬಿಡಿಸಿಕೊಳ್ಳಿ. ನಮ್ಮ ಕೊಳವೆಬಾವಿಗಳಲ್ಲಿ ಫ್ಲೋರೈಡು ಇರುವುದರಿಂದ ಶುದ್ಧ ನೀರಿನ ಘಟಕಕ್ಕೆ ಹೇಗೂ ಹೋಗಲೇಬೇಕು, ಆ ಕ್ಯಾನುಗಳನ್ನು ಬೈಕಿನಲ್ಲಿ ತರುವುದು ಬೈಕಿನ ಯಜಮಾನರ ಕರ್ತವ್ಯ. ಮುದ್ದೆಯ ವಿಚಾರ ಸೂಕ್ಷ್ಮ. ಮೈಸೂರಿನ ಸಿಎಫ್‌ಟಿಆರ್‌ಐನವರು ಮುದ್ದೆ ಮಾಡುವ ಯಂತ್ರ ತಯಾರಿಸಿದ್ದಾರೆ, ಹಾಸ್ಟೆಲಿಗೂ ಮಠಗಳ ದಾಸೋಹಕ್ಕೂ ಅದು ಸರಿ. ಮನೆಗೆ ಅಷ್ಟು ದೊಡ್ಡ ಯಂತ್ರ ಬೇಡ, ಎರಡು ತೋಳಿರುವ ಯಾವ ಗಂಡಸಾದರೂ ಕೋಲು ಹಿಡಿದು ತಿರುವಬಹುದು. ಇದಕ್ಕೆ ವಿದ್ಯುತ್ತೂ ಬೇಡ.

ಎಚ್ಚರಿಕೆ

ಬಿಡುವು ಕಾರ್ಖಾನೆಯಲ್ಲಿ ತಯಾರಾಗುವುದಿಲ್ಲ. ಎಲ್ಲೋ ಒಬ್ಬರು ತಮ್ಮ ಹೊತ್ತು ಮಾರಿದ್ದಾರೆ, ಅದಕ್ಕೇ ನಿಮಗೆ ಸಿಕ್ಕಿದೆ. ಮೊಳಕಾಲ್ಮುರು ರೇಷ್ಮೆ ಸೀರೆ ಉಟ್ಟವರಿಗೆ ಇದು ತಿಳಿದಿರಬೇಕು. ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವನ ಎಷ್ಟೋ ದಿನ ಆ ಸೆರಗಿನಲ್ಲಿದೆ, ಜರಿ ಸುತ್ತಿಕೊಟ್ಟ ಹೆಂಡತಿಯ, ಎಳೆ ಸರಿಮಾಡಿದ ತಾಯಿಯ ಹೊತ್ತೂ ಇದೆ. ಅದಕ್ಕೆ ಬೇರೆ ಕೂಲಿ ಬರೆದ ಲೆಕ್ಕ ನಾನಂತೂ ನೋಡಿಲ್ಲ. ಪವರ್‌ಲೂಮಿನ ನಕಲಿ ಅಗ್ಗಕ್ಕೆ ಸಿಗುವುದು ಅದರೊಳಗೆ ಅಷ್ಟು ದಿನಗಳು ಇಲ್ಲವೆಂದೇ. ಚೌಕಾಸಿ ಮಾಡುವಾಗ ‘ಐನೂರು ಬಿಡಣ್ಣ’ ಎನ್ನುವ ಮುಂಚೆ ನೀವು ಬಿಡಿಸುತ್ತಿರುವುದು ದುಡ್ಡನ್ನೋ ದಿನವನ್ನೋ ಒಮ್ಮೆ ಯೋಚಿಸಿ. ಮನೆಗೆಲಸಕ್ಕೆ ಬರುವಾಕೆಗೂ ಇದೇ ಮಾತು. ಆಕೆಯ ಮನೆಯಲ್ಲೂ ಒಲೆ ಇದೆ.

ತೊಂದರೆ ಮತ್ತು ರಿಪೇರಿ

ಅತಿ ಸಾಮಾನ್ಯವಾದ ದೂರು: ಸಾಮಾನು ಬಂದಿದೆ, ಬಿಡುವು ಬಂದಿಲ್ಲ. ಕಾರಣ ಅಡುಗೆಮನೆಯಲ್ಲೇ ಕೇಳಿಸುತ್ತದೆ.

‘ಅತ್ತೆ, ಬಟ್ಟೆ ಮಿಷನ್ನಿಗೆ ಹಾಕೀನಿ. ಒಂದ್ ಗಳಿಗೆ ಕೂತ್ಕಂತೀನಿ.’

‘ಕೂತ್ಕ ಬಿಡವ್ವ, ಯಾರ್ ಬ್ಯಾಡ ಅಂದ್ರು? ಕೂತ್ಕಂಡೇ ಒಂದೀಟು ತೊಗರಿಕಾಯಿ ಸುಲಿ.’

ಖಾಲಿ ಕೈ ಕಂಡರೆ ಮನೆ ತಡೆಯುವುದಿಲ್ಲ. ಅದಕ್ಕೆ ಅತ್ತೆಯನ್ನು ದೂರಿ ಫಲವಿಲ್ಲ, ಅವರನ್ನು ಒಂದು ಗಳಿಗೆ ಕೂರಲು ಯಾರೂ ಬಿಟ್ಟಿರಲಿಲ್ಲ. ರಿಪೇರಿ ಸುಲಭ: ಅತ್ತೆಯನ್ನೂ ಪಕ್ಕದಲ್ಲಿ ಕೂರಿಸಿ.

ಎರಡನೆಯ ದೂರು ಲೆಕ್ಕದ್ದು. ಹನ್ನೆರಡು ಸಾವಿರದ ಮಿಷನ್ನನ್ನು ವಾರದ ಕಂತಿನ ಸಾಲದಲ್ಲಿ ತಂದಿರೆನ್ನಿ. ದಿನಕ್ಕೆ ನಾನೂರು ಕೂಲಿಯಾದರೆ ಅದು ಮೂವತ್ತು ದಿನದ ದುಡಿಮೆ, ಬಡ್ಡಿ ಬೇರೆ. ಕಂತಿನವನು ಬಾಗಿಲಿಗೆ ಬರುವ ದಿನ ನೆನೆದೇ ಹಿಂದಿನ ರಾತ್ರಿ ನಿದ್ದೆ ಹೋಗುತ್ತದೆ. ಆ ರಾತ್ರಿಗಳನ್ನೂ ಕಳೆದು ಉಳಿದದ್ದೇ ನಿಮ್ಮ ಬಿಡುವು. ಎಷ್ಟೋ ಮನೆಗಳಲ್ಲಿ ಅದು ಸೊನ್ನೆಗಿಂತ ಕೆಳಗಿದೆ. ಸಾಲದಲ್ಲಿ ಹೊಲ ಕೊಳ್ಳಬಹುದು, ಎತ್ತು ಕೊಳ್ಳಬಹುದು, ಬಿಡುವನ್ನು ಮಾತ್ರ ಕೈದುಡ್ಡಿನಲ್ಲೇ ಕೊಳ್ಳಿ.

ಇನ್ನು ದುಡ್ಡಿದ್ದೂ ಕೊಳ್ಳದವರು. ಇವರು ಎಲ್ಲ ದೇಶದಲ್ಲೂ ಇದ್ದಾರೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಸಂಶೋಧಕರಾದ ಆಶ್ಲಿ ವಿಲನ್ಸ್, ಎಲಿಜಬೆತ್ ಡನ್ ಮತ್ತು ಸಂಗಡಿಗರು ಅಮೆರಿಕ, ಕೆನಡಾ, ಡೆನ್ಮಾರ್ಕ್, ನೆದರ್ಲೆಂಡ್ಸ್‌ಗಳ ಆರು ಸಾವಿರಕ್ಕೂ ಹೆಚ್ಚು ಜನರನ್ನು ವಿಚಾರಿಸಿದರು. ವ್ಯಾಂಕೂವರಿನಲ್ಲಿ ಅರವತ್ತು ಜನರ ಕೈಗೆ ನಲವತ್ತು ಡಾಲರಿನ ಎರಡು ಕಂತು ಕೊಟ್ಟು, ಒಂದನ್ನು ವಸ್ತುವಿಗೆ, ಇನ್ನೊಂದನ್ನು ಹೊತ್ತು ಉಳಿಸುವುದಕ್ಕೆ ಖರ್ಚು ಮಾಡಿಸಿದರು. ಹೊತ್ತು ಕೊಂಡ ದಿನವೇ ಜನ ಹೆಚ್ಚು ಖುಷಿಯಾಗಿದ್ದರು. ಆದರೂ ಈ ಸಂಶೋಧಕರು ವಿಚಾರಿಸಿದ ಡಚ್ ಕೋಟ್ಯಧೀಶರಲ್ಲಿ ಅರ್ಧದಷ್ಟು ಜನ ಬೇಸರದ ಕೆಲಸ ಬಿಡಿಸಿಕೊಳ್ಳಲು ಬಿಡಿಕಾಸೂ ಬಿಚ್ಚುತ್ತಿರಲಿಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಸಾಹುಕಾರರೊಬ್ಬರೇ ಜಿಪುಣರಲ್ಲ ಎಂದು ತಿಳಿದು ಸಮಾಧಾನವಾಯಿತು.

ಬಳಕೆಯ ವಿಧಾನ

ಬಿಡುವನ್ನು ಡಬ್ಬದಲ್ಲಿ ಮುಚ್ಚಿಟ್ಟರೆ ಕೆಡುತ್ತದೆ. ಸಿಕ್ಕ ಹೊತ್ತಿನಲ್ಲಿ ಇನ್ನೊಂದು ಕೂಲಿ ದುಡಿಯುವವರಿಗೆ ಈ ಸಾಮಾನು ಮಾರಿದ್ದೇ ನಮ್ಮ ತಪ್ಪು. ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರಿಗೆ ಹೋಗಿ. ಮಾಡಿದಷ್ಟಕ್ಕೆ ತಕ್ಕ ಭಿಕ್ಷೆ ಎಂದ ಗುರು ಅವರು, ಕೆರೆ ಕಟ್ಟಿಸಿ ದುಡಿಮೆ ಕಲಿಸಿದವರು. ಅವರ ತೇರಿಗೇ ಈ ಸೀಮೆಯ ದುಡಿಯುವ ಜನವೆಲ್ಲ ಕೆಲಸ ಬಿಟ್ಟು ಬಂದು ಕೊಬ್ಬರಿ ಸುಡುತ್ತದೆ. ತೇರಿನ ಮುಕ್ತಿ ಬಾವುಟ ಲಕ್ಷಗಟ್ಟಲೆಗೆ ಹರಾಜಾಗುತ್ತದೆ. ಅಷ್ಟು ದುಡ್ಡು ನಿಮ್ಮಲ್ಲಿಲ್ಲದಿದ್ದರೂ ಮಿರ್ಚಿ ಮಂಡಕ್ಕಿಗೆ ಇದ್ದೇ ಇರುತ್ತದೆ. ಶಕ್ತಿ ಯೋಜನೆಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ಕಾಸೂ ಬೇಡ. ಗಂಡನನ್ನು ಮನೆಯಲ್ಲಿ ಮುದ್ದೆ ಕೋಲಿನ ಜೊತೆ ಬಿಟ್ಟು ಹೋಗಬಹುದು.

ಕೊನೆಯ ಪುಟದಲ್ಲಿ ಗ್ಯಾರಂಟಿ ಕಾರ್ಡಿದೆ. ಅದರಲ್ಲಿ ಸಹಿ ಮಾಡಬೇಕಾದವರು ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು. ಬೇರೆ ಯಾರ ಸಹಿ ಇದ್ದರೂ ಗ್ಯಾರಂಟಿ ಸಲ್ಲದು.