ಹೊಂಬಾಳೆಗಿಲ್ಲದ ನಾಚಿಕೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಗಂಡಸರಿಗೆ ಲೈಂಗಿಕ ಶಿಕ್ಷಣ ಬೇಕಿಲ್ಲ, ತೆಂಗಿನ ತೋಟದಲ್ಲೇ ಸಿಗುತ್ತದೆ. ಒಂದು ಹೊಂಬಾಳೆಯಲ್ಲಿ ಗಂಡು ಹೂ ಸಾವಿರಾರು, ಹೆಣ್ಣು ಹೂ ಬೆರಳೆಣಿಕೆ. ಎತ್ತರದ ಮರಕ್ಕೆ ಗಿಡ್ಡ ಮರದ ಪರಾಗ ಕೊಟ್ಟರೆ ಹೈಬ್ರಿಡ್. ಅದಕ್ಕೂ ಮೊದಲು ತಾಯಿಮರದ ಗಂಡು ಹೂಗಳನ್ನೆಲ್ಲ ಕಿತ್ತೆಸೆಯಬೇಕು. 1932ರಲ್ಲಿ ಈಗಿನ ಕೇರಳದ ನೀಲೇಶ್ವರದಲ್ಲಿ ಶುರುವಾದ ಈ ವಿದ್ಯೆಯನ್ನು ಸೊಸೆಯ ಎದುರಿಗೇ ಗಟ್ಟಿ ದನಿಯಲ್ಲಿ ವಿವರಿಸುವ ಯಜಮಾನರು, ಮೆಡಿಕಲ್ ಶಾಪಿಗೆ ನಿರೋಧ್ ತರಲು ಹೋಗಿ ತಲೆನೋವಿನ ಮಾತ್ರೆ ಕೊಂಡು ಬರುತ್ತಾರೆ.

ಮದುಮಗಳ ಮಡಿಲಿಗೆ ತೆಂಗಿನಕಾಯಿ ಹಾಕಿದ ಮೂರನೇ ತಿಂಗಳಿಂದ 'ಏನಾದ್ರೂ ವಿಶೇಷ ಐತಾ?' ಎಂದು ಕೇಳುವ ಹಕ್ಕು ಇಡೀ ಊರಿಗಿದೆ. ವಿಶೇಷ ಸಾಕು ಅನ್ನಿಸಿದಾಗ ಮಾತ್ರ ಅದು ಅವಳ ಸ್ವಂತ ವಿಷಯ.

ನಮ್ಮದು ಹಿಂದುಳಿದ ರಾಜ್ಯವೇನಲ್ಲ. ಮೈಸೂರು ಸಂಸ್ಥಾನದ ಸರ್ಕಾರ 1930ರಲ್ಲೇ ಸಂತಾನ ನಿಯಂತ್ರಣ ಕ್ಲಿನಿಕ್ಕುಗಳಿಗೆ ಮಂಜೂರಾತಿ ಕೊಟ್ಟಿತ್ತು. ಅದಾಗಿ ಐದು ವರ್ಷಕ್ಕೆ ವಾರ್ಧಾಕ್ಕೆ ಬಂದ ಸಂತಾನ ನಿಯಂತ್ರಣದ ಪ್ರಚಾರಕಿ ಮಾರ್ಗರೆಟ್ ಸ್ಯಾಂಗರ್‌ಗೆ ಗಾಂಧೀಜಿ, ಸಾಧನ ಬೇಡ, ಸಂಯಮ ಸಾಕು ಎಂದರು. ನಮ್ಮವರು ಯಾರ ಮನಸ್ಸನ್ನೂ ನೋಯಿಸಲಿಲ್ಲ: ಸಂಯಮವನ್ನು ಗಾಂಧೀಜಿಗೆ ಬಿಟ್ಟರು, ಕ್ಲಿನಿಕ್ಕನ್ನು ಹೆಂಡತಿಗೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ, 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸಂತಾನಹರಣ ಆಪರೇಷನ್ ಮಾಡಿಸಿಕೊಂಡವರು ಶೇ. 57.4. ಗಂಡಂದಿರದು 0.0. ದಶಮಾಂಶದ ಆಚೆಗೂ ಮರ್ಯಾದೆ ಉಳಿಸಿಕೊಂಡಿದ್ದಾರೆ! ಗಂಡಸರದು ಕೆಲವೇ ನಿಮಿಷದ ಕೆಲಸ, ಅದೇ ದಿನ ಮನೆಗೆ. ಪ್ರೋತ್ಸಾಹಧನವೂ ಹೆಂಗಸರಿಗಿಂತ ಹೆಚ್ಚು. ಪ್ರತಿ ನವೆಂಬರಿನಲ್ಲಿ ಅವರ ಆಪರೇಷನ್ನಿಗೆಂದೇ ಪಾಕ್ಷಿಕ ಶುರುವಾಗುತ್ತದೆ. ಆ ಪಕ್ಷದಲ್ಲೇ ಎಲ್ಲರಿಗೂ ತೋಟದಲ್ಲಿ ಕೆಲಸ.

ಎಮರ್ಜೆನ್ಸಿಯ ಭಯ ಅನ್ನುತ್ತಾರೆ. 1976-77ರಲ್ಲಿ ದೇಶದ ಸುಮಾರು 62 ಲಕ್ಷ ಗಂಡಸರಿಗೆ ಆಪರೇಷನ್ ಆಯಿತು, ಎಷ್ಟೋ ಕಡೆ ಬಲವಂತವಾಗಿ. ಅದು ಅನ್ಯಾಯವೇ. ಆದರೆ ಇಂದಿರಾ ಗಾಂಧಿ ತೀರಿಕೊಂಡ ಹತ್ತು ವರ್ಷಕ್ಕೆ ಹುಟ್ಟಿದವನೂ ಅದೇ ಭಯಕ್ಕೆ ಬೆವರುತ್ತಾನೆ. ಜೊತೆಗೆ, "ಆಮೇಲೆ ಮರ ಹತ್ತಕ್ಕಾಗಲ್ಲ" ಅನ್ನುತ್ತಾನೆ. ಹತ್ತುವುದು ಕೂಲಿಯವನು, ಮರಕ್ಕಿಷ್ಟು ಅಂತ ಎಣಿಸಿ ದುಡ್ಡು ಇಸಕೊಂಡು.

ಮೊನ್ನೆ ಆಶಾ ಕಾರ್ಯಕರ್ತೆಯೊಬ್ಬರು ಅತ್ತೆಯನ್ನು ಕೇಳಿದರು: "ಸೊಸೆಗೆ ರಕ್ತ ಕಮ್ಮಿ ಐತೆ. ನಿಮ್ಮ ಮಗನಿಗೇ ಮಾಡಿಸಬಾರದೇನಮ್ಮ?"

"ಅಯ್ಯೋ ಬಿಡವ್ವ, ಅವನು ದುಡಿಯೋ ಗಂಡ್ಸು."

ಸೊಸೆ ಕಾಯಿ ತುಂಬಿದ ಮಂಕರಿ ಹೊತ್ತು ಅಟ್ಟದ ಏಣಿ ಹತ್ತುತ್ತಿದ್ದಳು. ದುಡಿಯೋ ಗಂಡ್ಸು ಎಪಿಎಂಸಿ ಮುಂದೆ ಟೀ ಕುಡಿಯುತ್ತಾ ಮೊಬೈಲಿನಲ್ಲಿ ಕೊಬ್ಬರಿ ರೇಟು ನೋಡುತ್ತಿದ್ದ.