ಎಲೆ ಹಾಕಿದ್ದಾಯ್ತು, ಕೂರಿಸೋದು ಹೇಗೆ?

ಇಂಗ್ಲಿಷರ ಮೇಜಿನ ಮೇಲೆ ಫೋರ್ಕ್ ಎಡಕ್ಕೆ, ಚಾಕು ಬಲಕ್ಕೆ ಎಂದು ಬೆರಗಾಗುವವರು ನಮ್ಮ ಮದುವೆಮನೆಯ ಬಾಳೆಲೆಯನ್ನು ಸರಿಯಾಗಿ ನೋಡಿಲ್ಲ. ಎಲೆಯ ತುದಿ ಉಣ್ಣುವವರ ಎಡಕ್ಕೇ ಬರಬೇಕು. ತಿರುಗಿಸಿ ಹಾಕಿದರೆ ಸಾಲಿನಲ್ಲಿ ಕೂತ ಯಾವುದಾದರೊಂದು ಅಜ್ಜಿ ಇಡೀ ಛತ್ರಕ್ಕೆ ಕೇಳುವಂತೆ ತಿದ್ದುತ್ತದೆ. ಮೇಲಿನ ಅರ್ಧ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯಗಳದ್ದು. ಕೆಳಗಿನರ್ಧ ಅನ್ನದ್ದು, ಸಾರು ಬಿದ್ದೊಡನೆ ಅದಕ್ಕೆ ಅಣೆಕಟ್ಟು ಕಟ್ಟುವ ಹೊಣೆ ಮಾತ್ರ ಅತಿಥಿಯದು.

ಎಲೆ ಹಾಕುವುದು ಸುಲಭ, ಜನರನ್ನು ಕೂರಿಸುವುದು ಕಷ್ಟ. ವಿದೇಶಿ ಔತಣದಲ್ಲಿ ಹೆಸರಿನ ಚೀಟಿ ಇಟ್ಟು ನಿಶ್ಚಿಂತರಾಗುತ್ತಾರೆ. ನಮ್ಮಲ್ಲಿ ಎಲ್ಲವೂ ಚಿಕ್ಕಮ್ಮನ ತಲೆಯಲ್ಲೇ ಇರುತ್ತದೆ. ಬೀಗರು ಮೊದಲ ಪಂಕ್ತಿಗೆ. ಸೈಟಿನ ವಿಷಯಕ್ಕೆ ಮಾತುಬಿಟ್ಟ ದಾಯಾದಿಗಳು ಎದುರುಬದುರಾಗಬಾರದು, ಪಕ್ಕಪಕ್ಕವಂತೂ ಕೂಡದೇ ಕೂಡದು. ಸೋದರಮಾವನನ್ನು “ಏಳಿ, ಊಟಕ್ಕೆ” ಎಂದು ಮೂರು ಸಲ ಕರೆಯದಿದ್ದರೆ ಅವರಿಗೆ ಹಸಿವೇ ಆಗುವುದಿಲ್ಲ.

ಇದೆಲ್ಲ ಬಗೆಹರಿದು ಪಂಕ್ತಿ ತುಂಬುವಷ್ಟರಲ್ಲಿ ಪ್ರತಿ ಕುರ್ಚಿಯ ಹಿಂದೆಯೂ ಮುಂದಿನ ಪಂಕ್ತಿಯವರೊಬ್ಬರು ಬೆನ್ನುಹಲಗೆ ಹಿಡಿದು ನಿಂತಿರುತ್ತಾರೆ. “ನಿಧಾನವಾಗಿ ಊಟ ಮಾಡಿ, ಏನೂ ಅವಸರವಿಲ್ಲ” ಎನ್ನುತ್ತಾರೆ. ಕಣ್ಣು ಮಾತ್ರ ಮಜ್ಜಿಗೆ ಬಕೆಟ್ಟು ಎಲ್ಲಿಗೆ ಬಂತು ಎಂದು ಹುಡುಕುತ್ತಿರುತ್ತದೆ.