ಗಿಣಿ ನೋಡುವ ಶಾಸ್ತ್ರ

ಗಂಡು ನೋಡುವಾಗ 'ಹುಡುಗನಿಗೆ ಮಾತು ಕಮ್ಮಿ' ಅಂದರೆ ಅರ್ಧ ಸಂಬಂಧ ಕುದುರಿದ ಹಾಗೆ. ಹೆಣ್ಣಿನ ಕಡೆಯವರೂ ಇದನ್ನೇ ಹೇಳಿಕೊಂಡು ಮೆರೆಯುತ್ತಾರೆ. ಬಾಡಿಗೆಗೆ ಬರುವವರ ಮಾತು ಕಮ್ಮಿ ಇದ್ದರೆ ಒಳ್ಳೆಯದು, ಕ್ಷೌರದ ಅಂಗಡಿಯವನು ಸುಮ್ಮನಿದ್ದರೆ ಪುಣ್ಯ, ಟ್ಯಾಕ್ಸಿ ಡ್ರೈವರ್ ಬಾಯಿಯೇ ಬಿಡದಿದ್ದರೆ ಮೇಲೆ ಇಪ್ಪತ್ತು ರೂಪಾಯಿ. ಹೀಗೆ ಮಾತು ಕಂಡರೆ ಮಾರು ದೂರ ಹಾರುವ ನಾವು, ಬಾಯಿ ಮುಚ್ಚದ ಜೀವವೊಂದನ್ನು ಹುಡುಕಿಕೊಂಡು ಹೋಗಿ, ದುಡ್ಡು ಕೊಟ್ಟು ಮನೆ ತುಂಬಿಸಿಕೊಳ್ಳುವುದುಂಟು. ಅದು ಗಿಣಿ. ಅದೇನಾದರೂ ಮಾತಾಡದೆ ಕೂತರೆ ಮೋಸ ಹೋದೆವೆಂದು ಅಂಗಡಿಯವನ ಮೇಲೆ ಜಗಳಕ್ಕೂ ಹೋಗುತ್ತೇವೆ.

ಮೈಸೂರಿನ ನಮ್ಮ ಭಾವನವರಿಗೆ ಬ್ಯಾಂಕಿನಿಂದ ರಿಟೈರ್ ಆದ ಮೇಲೆ ಈ ಗೀಳು ಹಿಡಿಯಿತು.

"ಮಾತಾಡೋ ಗಿಣಿ ಒಂದು ಬೇಕು ಕಣಯ್ಯ. ಈ ಮನೇಲಿ ನನ್ನ ಮಾತು ಯಾರೂ ಕೇಳಲ್ಲ."

"ಗಿಣಿ ಮಾತಾಡುತ್ತೆ ಭಾವ. ಕೇಳುತ್ತೆ ಅಂತ ಯಾರು ಹೇಳಿದ್ರು?"

ಅಕ್ಕ ಅಡುಗೆಮನೆಯಿಂದಲೇ ಕೂಗಿದಳು: "ಬರೀ ಮಾತಾಡಿ, ಹೇಳಿದ್ದು ಕೇಳದೆ ಇರೋರು ಒಬ್ಬರು ಸಾಲದಾ ಈ ಮನೆಗೆ?"

ಭಾವನವರ ತಲೆಯಲ್ಲಿದ್ದದ್ದು ಪುಸ್ತಕದ ಗಿಣಿ. ಬಾಣನ ಕಾದಂಬರಿಯಲ್ಲಿ ಒಂದು ಗಿಣಿ ಬರುತ್ತದಲ್ಲ, ಅದು. ನಾಗವರ್ಮ ಅದನ್ನು ಕನ್ನಡಕ್ಕೆ ತಂದು ಸಾವಿರ ವರ್ಷವಾಯಿತು. ಶೂದ್ರಕ ರಾಜನ ಆಸ್ಥಾನಕ್ಕೆ ಪಂಜರದಲ್ಲಿ ಬಂದ ಆ ಪಕ್ಷಿ ಬಲಗಾಲೆತ್ತಿ ದೊರೆಯ ಮೇಲೆ ಪದ್ಯ ಹೇಳಿ, ಆಮೇಲೆ ಇಡೀ ಕಥೆಯನ್ನೇ ಶುರು ಹಚ್ಚಿಕೊಳ್ಳುತ್ತದೆ. ಇನ್ನೊಂದು, ಶುಕಸಪ್ತತಿಯ ಗಿಣಿ. ಗಂಡ ಊರಲ್ಲಿಲ್ಲದಾಗ ಹೆಂಡತಿ ಹೊಸಿಲು ದಾಟದಂತೆ ರಾತ್ರಿಗೊಂದರಂತೆ ಎಪ್ಪತ್ತು ಕಥೆ ಹೇಳಿ ಕೂರಿಸಿದ ಭೂಪ. "ಆ ಎರಡನೇದು ಬೇಡ" ಎಂದಳು ಅಕ್ಕ. ಮೂರನೆಯದು ನನ್ನ ನೆಚ್ಚಿನದು. ಮಂಡನಮಿಶ್ರರ ಮನೆ ಯಾವುದಮ್ಮ ಎಂದು ಶಂಕರಾಚಾರ್ಯರು ದಾರಿಯಲ್ಲಿ ಕೇಳಿದರಂತೆ. ಯಾವ ಮನೆ ಬಾಗಿಲಲ್ಲಿ ಗಿಣಿಗಳು 'ಸ್ವತಃ ಪ್ರಮಾಣವೋ, ಪರತಃ ಪ್ರಮಾಣವೋ' ಎಂದು ವಾದ ಮಾಡುತ್ತಿವೆಯೋ ಅದೇ ಅವರ ಮನೆ ಎಂದರಂತೆ ನೀರು ತರುವ ಹೆಂಗಸರು. ವಿಳಾಸಕ್ಕೆ ಡೋರ್ ನಂಬರೂ ಬೇಡ, ಕ್ರಾಸೂ ಬೇಡ. ಮನೆಯೊಳಗೆ ಏನು ನಡೆಯುತ್ತದೋ ಅದನ್ನು ಬೀದಿಗೆ ಸಾರುವುದೇ ಗಿಣಿಯ ಕಸುಬು. ಮಂಡನಮಿಶ್ರರ ಮನೆಯಲ್ಲಿ ಮೀಮಾಂಸೆ ನಡೆಯುತ್ತಿತ್ತು, ಸರಿ. ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ ಎನ್ನುವುದೇ ಪ್ರಶ್ನೆ.

ಮೊದಲ ಸಂಬಂಧ ತಂದವರು ಭಾವನವರ ತಾಯಿ. ಅಜ್ಜಿಗೆ ತವರಿನಲ್ಲಿ ಕಂಡ ಹಸಿರು ಗಿಣಿಯೇ ಆಗಬೇಕು: ಕೆಂಪು ಕೊಕ್ಕು, ಕತ್ತಿಗೆ ಗುಲಾಬಿ ಪಟ್ಟಿ. ಆದರೆ ಅದು ಆಗಿಬರುವ ಸಂಬಂಧವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ನಾಡಿನ ಯಾವ ಗಿಣಿಯನ್ನೂ ಹಿಡಿಯುವಂತಿಲ್ಲ, ಮಾರುವಂತಿಲ್ಲ, ಸಾಕುವಂತಿಲ್ಲ. ಸಿಕ್ಕಿಬಿದ್ದರೆ ದಂಡವೂ ಉಂಟು, ಜೈಲೂ ಉಂಟು. ರಸ್ತೆ ಬದಿ ಪಂಜರ ಇಟ್ಟುಕೊಂಡು ಕೂರುತ್ತಿದ್ದ ಗಿಣಿಶಾಸ್ತ್ರದವರು ಕಮ್ಮಿಯಾಗುವುದಕ್ಕೂ ಇದೇ ಕಾರಣ. ಎಲ್ಲರ ಭವಿಷ್ಯದ ಕಾರ್ಡು ಎತ್ತಿದ ಗಿಣಿ ಯಜಮಾನನದನ್ನು ಎತ್ತಲಿಲ್ಲ.

"ನಮ್ಮ ತೋಟದ ಗಿಣಿ ಸಾಕಿದರೆ ಜೈಲು, ಎಲ್ಲೋ ಆಫ್ರಿಕಾದ್ದು ತಂದರೆ ಸರಿಯಾ? ಇದ್ಯಾವ ನ್ಯಾಯವೋ!" ಎಂದರು ಅಜ್ಜಿ. ನ್ಯಾಯ ಇಷ್ಟೇ: ನಮ್ಮ ಗಿಣಿ ಮರದ ಪೊಟರೆಯಲ್ಲಿ ಹುಟ್ಟುತ್ತದೆ, ಮಾರುಕಟ್ಟೆಗೆ ಬರಬೇಕೆಂದರೆ ಯಾರೋ ಆ ಪೊಟರೆಗೆ ಕೈ ಹಾಕಿರಬೇಕು. ವಿದೇಶಿ ಗಿಣಿಗಳನ್ನು ಇಲ್ಲೇ ಪಂಜರದಲ್ಲಿ ಮರಿ ಮಾಡಿಸುವವರಿದ್ದಾರೆ. ಇನ್ನು ನಮ್ಮ ಹಸಿರು ಗಿಣಿಯ ಬಗ್ಗೆ ಅಜ್ಜಿ ಕನಿಕರ ಪಡಬೇಕಾದ್ದೇನೂ ಇಲ್ಲ. ಅದೇ ಜಾತಿಯವು ಲಂಡನ್ನಿನ ಪಾರ್ಕುಗಳಲ್ಲಿ ಸಾವಿರಗಟ್ಟಲೆ ಸಂಸಾರ ಹೂಡಿಕೊಂಡಿವೆ, ವೀಸಾ ಇಲ್ಲದೆ.

ಹಾಗಾಗಿ ಪರದೇಶದ ಸಂಬಂಧಗಳನ್ನೇ ನೋಡಬೇಕಾಯಿತು. ಯಾವ ಊರಿನ ಹಕ್ಕಿ ಅಂಗಡಿಗೆ ಹೋದರೂ ಅಂಗಡಿಯವನ ಮಾತು ಒಂದೇ: "ತಗೊಂಡೋಗಿ ಸಾರ್, ತಿಂಗಳಲ್ಲಿ ಮಾತಾಡುತ್ತೆ." ಯಾವ ತಿಂಗಳು ಎಂದು ಮಾತ್ರ ಹೇಳುವುದಿಲ್ಲ.

ಮಕಾವನ್ನು ನೋಡಿದ ಕೂಡಲೇ ಭಾವನವರು ಮಾರುಹೋದರು. ನೀಲಿ, ಹಳದಿ, ಮೊಳಗಟ್ಟಲೆ ಬಾಲ, ಜರತಾರಿ ಪೇಟ ಕಟ್ಟಿದವರ ಗತ್ತು. ಬೆಲೆ ಲಕ್ಷ ದಾಟುತ್ತದೆ. ಕಲ್ಲಿನಂಥ ಕಾಯಿಯನ್ನು ಒಡೆಯುವ ಆ ಕೊಕ್ಕಿಗೆ ತೇಗದ ಬಾಗಿಲು ಯಾವ ಲೆಕ್ಕ. ಇಷ್ಟಾಗಿ ಮಾತು ನಾಲ್ಕಾರು, ಕಿರುಚಾಟ ಮಾತ್ರ ಎರಡು ಬೀದಿಗೆ ಕೇಳುವಷ್ಟು. ಬಿಳಿ ಜುಟ್ಟಿನ ಕಾಕಟೂ ಇನ್ನೊಂದು ಥರ. ಮುದ್ದು ಮಾಡಿ ತಲೆ ತುರಿಸುತ್ತಾ ಇರಬೇಕು, ಕೈ ತೆಗೆದರೆ ರಂಪ. ಅರಿಸಿನ ಕುಂಕುಮದ ಬಣ್ಣದ ಸನ್ ಕನ್ಯೂರ್ ಮೊಮ್ಮಗನಿಗೆ ಹಿಡಿಸಿತು. ಅದು ಅಂಗೈಯಲ್ಲಿ ಅಂಗಾತ ಮಲಗುತ್ತದೆ, ಆಟ ಆಡುತ್ತದೆ, ಆದರೆ ಅಪಾರ್ಟ್‌ಮೆಂಟಿನಲ್ಲಿ ಅದನ್ನು ಸಾಕಿದವರನ್ನು ಅಸೋಸಿಯೇಷನ್ ಮೀಟಿಂಗಿನಲ್ಲಿ ಯಾರೂ ಮಾತಾಡಿಸುವುದಿಲ್ಲ.

ಮಾತಿಗೆ ಮಾತು ಎಂದರೆ ಆಫ್ರಿಕನ್ ಗ್ರೇ. ಬೂದಿ ಮೈ, ಕೆಂಪು ಬಾಲ, ನೋಡಲು ಇನ್‌ಕಮ್ ಟ್ಯಾಕ್ಸ್ ಆಫೀಸರ್. ಹತ್ತಿರದಿಂದ ಅದರ ಕಣ್ಣು ನೋಡಬೇಕು. ನೀವು ಏನಾದರೂ ಹೊಸದು ಹೇಳಿದಿರೋ, ಹಳದಿ ಬಳೆಯ ನಡುವಿನ ಕರಿ ಬೊಟ್ಟು ಸಾಸಿವೆ ಕಾಳಾಗುತ್ತದೆ, ಮತ್ತೆ ಅರಳುತ್ತದೆ, ಮತ್ತೆ ಸಾಸಿವೆ. ಕತ್ತು ಓರೆ ಮಾಡಿ ಎಲ್ಲವನ್ನೂ ಕೇಳಿಸಿಕೊಂಡು ಅವತ್ತು ಒಂದಕ್ಷರ ಆಡುವುದಿಲ್ಲ. ಆಡುವುದು ಮುಂದೊಂದು ದಿನ, ಮನೆ ತುಂಬ ಜನ ಇದ್ದಾಗ, ನಿಮ್ಮದೇ ಧ್ವನಿಯಲ್ಲಿ. ಗಂಟಲಿನ ತಳದಲ್ಲಿ, ಶ್ವಾಸನಾಳ ಎರಡು ಕವಲಾಗುವ ಕಡೆ, ಸಿರಿಂಕ್ಸ್ ಎಂಬ ಅಂಗವೊಂದಿದೆ. ಅದರಿಂದ ಸ್ವರ ಹೊರಡಿಸಿ ದಪ್ಪ ನಾಲಿಗೆಯಿಂದ ತಿದ್ದುತ್ತದೆ. ಕೆಮ್ಮು, ಆಕಳಿಕೆ, ನಿಟ್ಟುಸಿರು ಯಾವುದನ್ನೂ ಬಿಡುವುದಿಲ್ಲ.

ಅಮೆರಿಕದ ಐರಿನ್ ಪೆಪ್ಪರ್‌ಬರ್ಗ್ ಎಂಬ ವಿಜ್ಞಾನಿ 1977ರಲ್ಲಿ ಮಾಮೂಲಿ ಪೆಟ್ ಅಂಗಡಿಯಿಂದ ಒಂದು ಗ್ರೇ ತಂದರು. ಹೆಸರು ಅಲೆಕ್ಸ್. 2007ರಲ್ಲಿ ಸಾಯುವ ಹೊತ್ತಿಗೆ ಅದಕ್ಕೆ ನೂರಕ್ಕೂ ಹೆಚ್ಚು ಪದ ಬರುತ್ತಿತ್ತು, ಬಣ್ಣ, ಆಕಾರ, ಆರರವರೆಗೆ ಎಣಿಕೆ ಬರುತ್ತಿತ್ತು. ಬಾಳೆಹಣ್ಣು ಕೇಳಿದಾಗ ಬೇರೇನೋ ಕೊಟ್ಟರೆ ತಗೊಳ್ಳುತ್ತಿರಲಿಲ್ಲ. ಪಾಠ ಮಾಡಿದ ರೀತಿಯೇ ಸ್ವಾರಸ್ಯ. ಗಿಣಿಯ ಎದುರು ಇಬ್ಬರು ಮನುಷ್ಯರು ಕೂತು ಮಾತಾಡುವುದು. ಒಬ್ಬರು ಕೇಳುವುದು, ಇನ್ನೊಬ್ಬರು ಸರಿಯಾಗಿ ಹೇಳಿ ವಸ್ತುವನ್ನು ಬಹುಮಾನವಾಗಿ ಪಡೆಯುವುದು. ನೋಡಿ ನೋಡಿ ಗಿಣಿಗೆ ಹೊಟ್ಟೆಕಿಚ್ಚು ಹತ್ತಿ, ನನಗೂ ಕೊಡಿ ಎಂದು ತಾನೂ ಬಾಯಿ ಹಾಕುತ್ತದೆ. ನಾವು ಮಾಡುವ ಗಿಣಿಪಾಠ ಇದಕ್ಕೆ ತದ್ವಿರುದ್ಧ: ಪಂಜರದ ಮುಂದೆ ಒಬ್ಬರೇ ನಿಂತು "ಹಲೋ ಹೇಳು, ಹಲೋ ಹೇಳು" ಎಂದು ಗೋಳು ಹೊಯ್ದುಕೊಳ್ಳುವುದು.

"ಹಾಗಾದರೆ ಮನೇಲಿ ಇಬ್ಬರು ಒಬ್ಬರಿಗೊಬ್ಬರು ಮಾತಾಡ್ತಾ ಇರಬೇಕು ಅನ್ನು" ಎಂದರು ಭಾವ. ಹಾಲಿನಲ್ಲಿ ಕೂತಿದ್ದ ಐದೂ ಜನ ಮೊಬೈಲಿನಿಂದ ತಲೆಯೆತ್ತಿ ಪರಸ್ಪರ ಮುಖ ನೋಡಿಕೊಂಡು ಮತ್ತೆ ತಗ್ಗಿಸಿದರು.

ಗ್ರೇ ಸಂಬಂಧಕ್ಕೆ ತೊಡಕುಗಳು ಒಂದೊಂದಾಗಿ ಹೊರಬಿದ್ದವು. ಜಾತಕ ಬೇಕು. ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿದ ಪಕ್ಷಿ ಅದು. ನಮ್ಮ ಕಾಯ್ದೆಗೂ 2022ರಲ್ಲಿ ತಿದ್ದುಪಡಿಯಾಗಿ, 2024ರಲ್ಲಿ ನಿಯಮ ಬಂದು, ಇಂಥವನ್ನು ಸಾಕುವವರು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಮರಿ ಮಾಡಿದರೂ, ಸತ್ತರೂ, ಕೈ ಬದಲಾದರೂ ತಿಳಿಸಬೇಕು. "ತಾತಾ, ಆಧಾರ್ ಲಿಂಕ್ ಮಾಡ್ಬೇಕಾ?" ಎಂದ ಮೊಮ್ಮಗ. ಮೈಯಿಂದ ಸದಾ ಪೌಡರಿನಂಥ ಪುಡಿ ಉದುರುತ್ತದೆ, ಸೊಸೆಗೋ ವೀಸಿಂಗು. ಎಲ್ಲಕ್ಕಿಂತ ದೊಡ್ಡದು ಆಯುಸ್ಸು. ಚೆನ್ನಾಗಿ ನೋಡಿಕೊಂಡರೆ 40ರಿಂದ 60 ವರ್ಷ.

"ಭಾವ, ಉಯಿಲಿನಲ್ಲಿ ಯಾರ ಹೆಸರಿಗೆ ಬರೀತೀರಿ?" ಎಂದೆ. ಮಗ ಮೆಲ್ಲಗೆ ಎದ್ದು ಬಾಲ್ಕನಿಗೆ ಹೋದ.

ಇದರ ನಡುವೆ ಅಕ್ಕ ಒಂದು ಗಂಭೀರ ಪ್ರಶ್ನೆ ಎತ್ತಿದಳು. ಕುಕ್ಕರ್ ಸೀಟಿಯನ್ನೂ ಕಲಿಯುತ್ತಂತೆ, ನಿಜವಾ? ನಿಜ. ಗಿಣಿಗೆ ಬಲು ಬೇಗ ಹತ್ತುವುದು ಕಿವಿಗೆ ಕುಟುಕುವ ಸದ್ದುಗಳು: ಕುಕ್ಕರು, ಕಾಲಿಂಗ್ ಬೆಲ್ಲು, ಮೊಬೈಲ್ ರಿಂಗು. ಬೇಳೆಗೆ ಮೂರು ಕೂಗು ಎಂದು ಎಣಿಸುವ ಮನೆಯಲ್ಲಿ ಗಿಣಿ ತನ್ನದೂ ಒಂದು ಸೇರಿಸಿದರೆ ಅವತ್ತಿನ ಸಾರು ಹಲ್ಲಿಗೆ ಕೆಲಸ. ಆಮೇಲಿನ ಸ್ಥಾನ ಆವೇಶದ ಮಾತುಗಳಿಗೆ. ವಿಷ್ಣುಸಹಸ್ರನಾಮವನ್ನು ಒಂದೇ ರಾಗದಲ್ಲಿ ದಿನಾ ಹಾಕಿದರೂ ಕಲಿಯದ ಪಕ್ಷಿ, ಹೆಬ್ಬೆರಳನ್ನು ಸೋಫಾ ಕಾಲಿಗೆ ಎಡವಿಕೊಂಡಾಗ ಬಾಯಿಂದ ಬಿದ್ದದ್ದನ್ನು ಒಂದೇ ಸಲಕ್ಕೆ ಹಿಡಿಯುತ್ತದೆ. 2020ರಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರ್ ವನ್ಯಜೀವಿ ಪಾರ್ಕಿನಲ್ಲಿ ಐದು ಗ್ರೇಗಳು ಬಂದ ಜನರ ಮುಂದೆ ಹೊಲಸು ಬೈಗುಳ ಶುರು ಮಾಡಿದವು. ಒಂದು ಬೈದರೆ ಉಳಿದವು ನಗುತ್ತಿದ್ದವಂತೆ. ಕೊನೆಗೆ ಅವನ್ನು ಬೇರೆ ಬೇರೆ ಮಾಡಬೇಕಾಯಿತು. ನಮ್ಮ ಭಾವನವರು ರಾತ್ರಿ ಒಂಬತ್ತಕ್ಕೆ ನ್ಯೂಸ್ ಚಾನೆಲ್ ಆಂಕರ್ ಜೊತೆ ಯಾವ ಭಾಷೆಯಲ್ಲಿ ಸಂವಾದ ನಡೆಸುತ್ತಾರೆಂಬುದು ಬಲ್ಲವರೇ ಬಲ್ಲರು.

ಕೊನೆಗೆ ಉಳಿದದ್ದು ಚಿಕ್ಕ ಮನೆತನಗಳು. ಕಾಕಟೀಲ್, ಕೆನ್ನೆಗೆ ಕಿತ್ತಳೆ ಬೊಟ್ಟಿಟ್ಟ ಸಾಧು. ಮಾತು ಅಷ್ಟಕ್ಕಷ್ಟೆ, ಸಿಳ್ಳೆ ಸೊಗಸು, ಅದೂ ಗಂಡಿನದು. ಸಿನಿಮಾ ಹಾಡಿನ ಪಲ್ಲವಿ ಕಲಿಯುತ್ತದೆ, ಚರಣಕ್ಕೆ ಹೋಗುವುದಿಲ್ಲ. ಇನ್ನೊಂದು ಬಡ್ಜಿ, ನಮ್ಮ ಅಂಗಡಿಗಳಲ್ಲಿ ಲವ್ ಬರ್ಡ್ಸ್ ಎಂದು ಬಹುತೇಕ ಕೊಡುವುದು ಇದನ್ನೇ. ಜೋಡಿಗೆ ಕೆಲವು ನೂರು ರೂಪಾಯಿ, ನೋಂದಣಿಯ ರಗಳೆ ಇಲ್ಲ, ಗೇಣುದ್ದದ ಜೀವ. ಇದೇನು ಮಾತಾಡೀತು ಎನ್ನಬೇಡಿ. ಕ್ಯಾಲಿಫೋರ್ನಿಯಾದ ಪಕ್ ಎಂಬ ಬಡ್ಜಿಗೆ 1,728 ಪದ ಬರುತ್ತಿತ್ತೆಂದು ಗಿನ್ನೆಸ್ ದಾಖಲೆಯಲ್ಲಿದೆ. ಗಂಡೇ ವಾಚಾಳಿ. ಬಲಿತ ಹಕ್ಕಿಯ ಕೊಕ್ಕಿನ ಮೇಲಿನ ಮೂಗಿನ ಪಟ್ಟಿ ನೀಲಿ ಇದ್ದರೆ ಗಂಡು, ಕಂದು ತಿರುಗಿದರೆ ಹೆಣ್ಣು. ಮಾತು ಕಲಿಯಬೇಕೆಂದರೆ ಒಂಟಿಯಾಗಿ ಸಣ್ಣ ಮರಿ ತಂದು ನೀವೇ ಅದರ ಬಳಗ ಆಗಬೇಕು. ಗಿಣಿ ಮಾತಾಡುವುದು ನಿಮ್ಮನ್ನು ಮೆಚ್ಚಿಸಲಿಕ್ಕಲ್ಲ, ಹಿಂಡಿನೊಳಗೆ ತನ್ನದೂ ಒಂದು ಜಾಗ ಇರಲಿ ಅಂತ. ಬೆಳಿಗ್ಗೆ ಎಂಟಕ್ಕೆ ಬೀಗ ಹಾಕಿ ರಾತ್ರಿ ಎಂಟಕ್ಕೆ ತೆಗೆಯುವ ಮನೆಯ ಒಂಟಿ ಗಿಣಿ ಬೇಜಾರಿಗೆ ತನ್ನ ಗರಿಯನ್ನು ತಾನೇ ಕಿತ್ತುಕೊಳ್ಳುತ್ತದೆ. ಜೋಡಿ ತಂದರೆ ಆ ಪಾಪ ಇಲ್ಲ, ಆದರೆ ಅವು ತಮ್ಮತಮ್ಮಲ್ಲೇ ಹರಟುತ್ತವೆ, ನಿಮ್ಮ ಭಾಷೆ ಅವಕ್ಕೆ ಬೇಕಿಲ್ಲ.

ಅಜ್ಜಿ ಜೋಡಿಯೇ ಇರಲಿ ಎಂದರು. ತಂದರು. ಬರುವ ಮೊದಲು ಮನೆ ಕಾನೂನುಗಳು ಬದಲಾದವು. ಹಕ್ಕಿ ಹೊರಗಿದ್ದಾಗ ಸೀಲಿಂಗ್ ಫ್ಯಾನ್ ಬಂದ್. ನಾನ್‌ಸ್ಟಿಕ್ ತವಾ ಅತಿಯಾಗಿ ಕಾದರೆ ಬರುವ ಹೊಗೆಯೇ ಹಕ್ಕಿಗೆ ವಿಷ, ಹಾಗಾಗಿ ದೋಸೆಗೆ ಹಳೆಯ ಕಬ್ಬಿಣದ ಕಾವಲಿ ಅಟ್ಟದಿಂದ ಇಳಿಯಿತು. ಅಗರಬತ್ತಿ ದೂರದ ದೇವರ ಕೋಣೆಗೆ. ಬಟರ್ ಫ್ರೂಟೂ ಚಾಕೊಲೇಟೂ ಪಂಜರದ ಹತ್ತಿರ ಸುಳಿಯುವಂತಿಲ್ಲ. ಹಸಿಮೆಣಸಿನಕಾಯಿಗೆ ಮಾತ್ರ ಅಡ್ಡಿಯಿಲ್ಲ, ಹಕ್ಕಿಗಳಿಗೆ ಖಾರವೇ ತಾಗುವುದಿಲ್ಲ. ಹತ್ತು ಗಂಟೆಗೂ ಹೆಚ್ಚು ನಿದ್ದೆ ಬೇಕಾದ್ದರಿಂದ ಸೀರಿಯಲ್ಲಿನ ವಾಲ್ಯೂಮು ಇಳಿಯಿತು. ಆ ಮನೆಯಲ್ಲಿ ಬೇರಾರಿಂದಲೂ ಸಾಧ್ಯವಾಗದ ಕೆಲಸ ಇದು. ಜೋಡಿ ಮಾತ್ರ ಹಗಲೆಲ್ಲ ಒಂದರ ಕಿವಿ ಒಂದು ಕಚ್ಚುತ್ತ ಹರಟುತ್ತದೆ. ಭಾವನವರು ಮುಂದೆ ನಿಂತರೆ ಇಬ್ಬರೂ ಬೆನ್ನು ತಿರುಗಿಸುತ್ತಾರೆ. ಮನೆಯಲ್ಲಿ ಅವರ ಮಾತು ಕೇಳದವರ ಪಟ್ಟಿಗೆ ಇನ್ನಿಬ್ಬರು ಸೇರಿದ ಹಾಗಾಯಿತು.

ಈಗ ನಿಮ್ಮ ಮನೆಗೆ ಯಾವುದು ಎಂದು ಕೇಳುತ್ತೀರಿ. ಅಂಗಡಿಗೆ ಅಡ್ವಾನ್ಸ್ ಕೊಡುವ ಮೊದಲು ಒಂದು ಭಾನುವಾರ ಮೊಬೈಲಿನ ರೆಕಾರ್ಡರ್ ಆನ್ ಮಾಡಿ ಹಾಲಿನಲ್ಲಿ ಇಟ್ಟುಬಿಡಿ, ಯಾರಿಗೂ ಹೇಳಬೇಡಿ. ರಾತ್ರಿ ಒಬ್ಬರೇ ಕೂತು ಕೇಳಿ. ಅದನ್ನು ಸತ್ಯನಾರಾಯಣ ಪೂಜೆಗೆ ಬಂದವರ ಮುಂದೆ ಜೋರಾಗಿ ಹಾಕುವ ಧೈರ್ಯ ಇದ್ದರೆ ಆಫ್ರಿಕನ್ ಗ್ರೇ ತನ್ನಿ, ಪೋರ್ಟಲಿನಲ್ಲಿ ನೋಂದಾಯಿಸಿ. ಅರೆಮನಸ್ಸಿದ್ದರೆ ಒಂದು ಬಡ್ಜಿ ಮರಿ ಸಾಕು, ಅದು ಎಲ್ಲವನ್ನೂ ಹೇಳುತ್ತದೆ, ಆದರೆ ಸಣ್ಣ ದನಿಯಲ್ಲಿ, ಗಡಿಬಿಡಿಯಲ್ಲಿ, ನೆಂಟರಿಗೆ ಅರ್ಥವಾಗುವ ಮೊದಲೇ ಮುಗಿದಿರುತ್ತದೆ. ಧೈರ್ಯ ಸಾಲದಿದ್ದರೆ ಕಾಕಟೀಲ್, ಬರೀ ಸಿಳ್ಳೆ. ಅರ್ಧ ಕೇಳುವಷ್ಟರಲ್ಲೇ ಡಿಲೀಟ್ ಮಾಡಿಬಿಟ್ಟಿರೋ, ನಿಮಗೆ ಗಿಣಿ ಸಂಬಂಧ ಕೂಡಿಬರುವುದಿಲ್ಲ. ಗಾಜಿನ ತೊಟ್ಟಿ ತಂದು ಮೀನು ಸಾಕಿ.